ಆದಿಚುಂಚನಗಿರಿ: ನವಿಲುಗಳ ಪಾಲನೆ

ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮ 1981ರಲ್ಲಿ ಸ್ಥಾಪನೆಯಾಯಿತು. ಕಾಲಭೈರವೇಶ್ವರ ಕ್ಷೇತ್ರದ ಸುತ್ತಲಿನ ಬಂಡೆಗುಡ್ಡ, ಕುರುಚಲು ಕಾಡುಗಳನ್ನೊಳಗೊಂಡ ಇದರ ವಿಸ್ತೀರ್ಣ ಒಂದು ಚದರ ಕಿ.ಮೀ.ಗೂ ಕಡಿಮೆ. ಭಕ್ತರ ದಟ್ಟಣೆಯ ನಡುವೆಯೇ ಹಕ್ಕಿಗಳ ರಕ್ಷಣೆ ನಡೆಯಬೇಕಿರುವುದು ಇಲ್ಲಿನ ವಿಶೇಷ, ಕಷ್ಟವೂ ಅದೇ.

1963ರಲ್ಲಿ ರಾಷ್ಟ್ರಪಕ್ಷಿಯೆಂದು ಘೋಷಿತವಾದ ನವಿಲಿನ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಆದರೆ ಕಾಯ್ದೆಯೊಂದರಿಂದಲೇ ಮರಿಗಳು ಉಳಿಯುವುದಿಲ್ಲ. ಹೆಣ್ಣು ನವಿಲು ಪೊದೆಯ ಮರೆಯಲ್ಲಿ, ನೆಲದ ಮೇಲೆಯೇ ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆಯಿಟ್ಟು ಸುಮಾರು 28 ದಿನ ಕಾವು ಕೊಡುತ್ತದೆ. ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟಿನ ಗೂಡುಗಳಿಗೆ ಕಾವೇರಿಯೇ ಕಾವಲು. ಇಲ್ಲಿ ಅಂಥ ಕಾವಲಿಲ್ಲ. ಬೀದಿನಾಯಿಗೆ ಮೊಟ್ಟೆ, ಮರಿಗಳು ಸುಲಭದ ತುತ್ತು. ಅಂದಗೊಳಿಸುವ ನೆಪದಲ್ಲಿ ಪೊದೆ ಸವರಿದರೆ ಗೂಡಿನ ತಾವೇ ಇಲ್ಲವಾಗುತ್ತದೆ.

ಇರುಳು ತಂಗಲು ಎತ್ತರದ ಮರ, ಬೇಸಿಗೆಯಲ್ಲಿ ತೊಟ್ಟಿಯಲ್ಲಿ ನೀರು ಇವು ಮುಖ್ಯ. ಕಾಳು, ಹುಳು, ಹಲ್ಲಿಗಳನ್ನು ಹಕ್ಕಿಯೇ ಹುಡುಕಿಕೊಳ್ಳುತ್ತದೆ. ಪ್ರವಾಸಿಗರು ಎಸೆಯುವ ಕುರುಕಲು ತಿಂಡಿ ಅದಕ್ಕೆ ಬೇಡ. ಹೊಲಕ್ಕಿಳಿದು ಬಿತ್ತಿದ ಬೀಜ ಹೆಕ್ಕುವಾಗ ರೈತರ ಸಿಟ್ಟು ಒಂದೆಡೆಯಾದರೆ, ಬೀಜಕ್ಕೆ ಲೇಪಿಸಿದ ಕೀಟನಾಶಕದ ಅಪಾಯ ಇನ್ನೊಂದೆಡೆ.

ಗರಿಗಾಗಿ ಹಕ್ಕಿಯನ್ನು ಕೊಲ್ಲುವುದಂತೂ ಅನಗತ್ಯ ಕ್ರೌರ್ಯ. ಸಂತಾನೋತ್ಪತ್ತಿಯ ಕಾಲ ಮುಗಿದೊಡನೆ ಗಂಡು ನವಿಲು ಪ್ರತಿವರ್ಷ ತಾನೇ ಗರಿ ಉದುರಿಸುತ್ತದೆ.