ಹೆವಿ ಬ್ಯಾಗ್

ಬಾಕ್ಸಿಂಗ್, ಮುಯ್ ಥಾಯ್, ಕರಾಟೆ, ಕಿಕ್‌ಬಾಕ್ಸಿಂಗ್ ಅಭ್ಯಾಸದಲ್ಲಿ ಗುದ್ದಲು, ಒದೆಯಲು ತೂಗುಹಾಕುವ ಭಾರದ ಚೀಲ. ಹೊದಿಕೆ ಚರ್ಮ, ಕ್ಯಾನ್ವಾಸ್ ಇಲ್ಲವೇ ರೆಕ್ಸಿನ್‌ನದು. ಒಳಗೆ ಹೆಚ್ಚಾಗಿ ಬಟ್ಟೆಚಿಂದಿ. ತೂಕ ಸಾಮಾನ್ಯವಾಗಿ 30ರಿಂದ 50 ಕಿಲೋ. ಹೊಡೆಯುವವರ ಮೈತೂಕದ ಅರ್ಧದಷ್ಟಿರಲಿ ಎಂಬುದು ಜಿಮ್‌ಗಳಲ್ಲಿ ರೂಢಿಯ ಲೆಕ್ಕ. ಮುಯ್ ಥಾಯ್ ಚೀಲ ಸುಮಾರು 180 ಸೆಂ.ಮೀ. ಉದ್ದವಿದ್ದು ನೆಲದ ಹತ್ತಿರಕ್ಕೆ ಇಳಿಯುವುದರಿಂದ ಎದುರಾಳಿಯ ತೊಡೆಗೆ ಬೀಸುವ ಒದೆತವನ್ನೂ ಅದರ ಮೇಲೆ ಪಳಗಿಸಿಕೊಳ್ಳಬಹುದು.

ಇದು ಹೊಸ ಸಾಧನವೇನಲ್ಲ. ಪ್ರಾಚೀನ ಗ್ರೀಕರ ಗರಡಿಗಳಲ್ಲಿ ಕೋರಿಕೋಸ್ ಎಂಬ ಚರ್ಮದ ಚೀಲ ತೂಗುತ್ತಿತ್ತು. ಬಲ ಕಡಿಮೆಯಿದ್ದವರಿಗೆ ಅಂಜೂರದ ಬೀಜ ಅಥವಾ ಹಿಟ್ಟು ತುಂಬಿದ್ದು, ಗಟ್ಟಿಗರಿಗೆ ಮರಳಿನದು. ಮುಷ್ಟಿಯುದ್ಧದವರಿಗೆ ಹಗುರ ಚೀಲ ಸಾಕು, ಗುದ್ದು, ಕುಸ್ತಿ ಎರಡೂ ಬೆರೆತ ಪಂಕ್ರೇಶನ್‌ನ ಪಟುಗಳಿಗೆ ಭಾರದ್ದು ಬೇಕು ಎಂದು ಗ್ರೀಕ್ ಲೇಖಕ ಫಿಲೋಸ್ಟ್ರಾಟಸ್ ಬರೆದಿದ್ದಾನೆ. ಮೈಮೇಲೆ ಬರುವ ಚೀಲದೆದುರು ಕಾಲೂರಿ ನಿಲ್ಲುವುದೂ ಅವನ ಪ್ರಕಾರ ಅಭ್ಯಾಸವೇ. ರೋಮ್‌ನ ವಿಲ್ಲಾ ಜೂಲಿಯಾ ಸಂಗ್ರಹಾಲಯದಲ್ಲಿರುವ, ಕ್ರಿ.ಪೂ. 4ನೇ ಶತಮಾನದ ಫಿಕೊರೋನಿ ಕಂಚಿನ ಪೆಟ್ಟಿಗೆಯ ಮೇಲೆ ಇಂಥ ಚೀಲವನ್ನು ಗುದ್ದುವವನ ಚಿತ್ರ ಕೊರೆದಿದೆ.

ಚೀಲ ಓಲಾಡುವ ರೀತಿಯಿಂದಲೇ ಏಟಿನ ಗುಣ ತಿಳಿಯುತ್ತದೆ. ತಟ್ಟಿದ ಕ್ಷಣ ಕೈ ಹಿಂದಕ್ಕೆ ಬಂದರೆ ಚೀಲ ನಡುಗುತ್ತದೆ, ಸದ್ದು ಚುರುಕಾಗಿರುತ್ತದೆ. ಕೈ ಅಲ್ಲೇ ಅಂಟಿಕೊಂಡರೆ ದೂರಕ್ಕೆ ತೂಗಿಹೋಗುತ್ತದೆ. ಎರಡನೆಯದು ನೋಡಲು ಜೋರು, ಆದರೆ ಅದು ಏಟಲ್ಲ, ನೂಕು. ತೂಗಿಹೋದ ಚೀಲವನ್ನು ಕೈಯಿಂದ ಹಿಡಿದು ನಿಲ್ಲಿಸುವುದು ಕಲಿಯುವವರ ಚಾಳಿ. ಅದು ವಾಪಸು ಬರುವ ದಾರಿಯಿಂದ ಪಕ್ಕಕ್ಕೆ ಸರಿದು ಮತ್ತೆ ಹೊಡೆಯುವುದರಲ್ಲೇ ಕಾಲಿನ ಕೆಲಸವಿದೆ. ಅಭ್ಯಾಸ ನಡೆಯುವುದು ಪಂದ್ಯದ ಲೆಕ್ಕದಲ್ಲೇ: ಬಾಕ್ಸಿಂಗ್‌ನಲ್ಲಿ 3 ನಿಮಿಷದ ಸುತ್ತು, 1 ನಿಮಿಷ ಬಿಡುವು.

ಬರಿಗೈಲಿ ಹೊಡೆಯುವ ಹುಮ್ಮಸ್ಸಿಗೆ ಮೊದಲು ಬಲಿಯಾಗುವುದು ಮಣಿಕಟ್ಟು, ಬೆರಳಗೆಣ್ಣಿನ ಚರ್ಮ ಮತ್ತು ಕಿರುಬೆರಳಿನ ಬುಡದ ಅಂಗೈ ಮೂಳೆ. ಆದ್ದರಿಂದ ಸುಮಾರು 4.5 ಮೀಟರ್ ಉದ್ದದ ಪಟ್ಟಿಯನ್ನು ಕೈಗೆ ಸುತ್ತಿ, ಮೇಲೆ ಗ್ಲೌಸ್ ಹಾಕುತ್ತಾರೆ.

ಚೀಲ ತಿರುಗಿ ಹೊಡೆಯುವುದಿಲ್ಲ. ಈ ಕೊರತೆ ಚಿಕ್ಕದಲ್ಲ. 1974ರಲ್ಲಿ ಕಿನ್ಶಾಸಾದಲ್ಲಿ ಮಹಮ್ಮದ್ ಅಲಿ ಎದುರು ಇಳಿಯುವ ಮುನ್ನ ಜಾರ್ಜ್ ಫೋರ್‌ಮನ್ ಚೀಲದಲ್ಲಿ ಗುಳಿ ಬೀಳುವಂತೆ ಗುದ್ದುತ್ತಿದ್ದುದು ಹೆಸರುವಾಸಿ. ಪಂದ್ಯದಲ್ಲಿ ಅಲಿ ಹಗ್ಗಕ್ಕೊರಗಿ ಆ ಗುದ್ದುಗಳನ್ನು ತಡೆದುಕೊಂಡ, ಮಧ್ಯೆ ಮಧ್ಯೆ ತಾನೂ ಹೊಡೆದ. ದಣಿದ ಫೋರ್‌ಮನ್ 8ನೇ ಸುತ್ತಿನಲ್ಲಿ ಬಿದ್ದ. ದೂರ ಅಳೆಯುವುದು, ಏಟು ತಪ್ಪಿಸಿಕೊಳ್ಳುವುದು ಚೀಲದಿಂದ ಪೂರ್ತಿ ಬರುವುದಿಲ್ಲ. ಅದಕ್ಕೆ ಜೊತೆಗಾರರೊಡನೆ ಹೊಡೆದಾಡುವ ಸ್ಪಾರಿಂಗ್ ಬೇಕು, ಕೋಚ್ ಹಿಡಿಯುವ ಪ್ಯಾಡ್ ಬೇಕು.

ಬಳಸುತ್ತ ಹೋದಂತೆ ಚಿಂದಿ ಕೆಳಗಿಳಿದು ತಳ ಕಲ್ಲಾಗುತ್ತದೆ, ಮೇಲ್ಭಾಗ ಸಡಿಲಾಗುತ್ತದೆ. ಆಗಾಗ ಬಿಚ್ಚಿ ಮತ್ತೆ ತುಂಬಬೇಕು. ತೂಗುಹಾಕಲು ಗಟ್ಟಿ ತೊಲೆಯೇ ಆಗಬೇಕು, ಫಾಲ್ಸ್ ಸೀಲಿಂಗ್ ನಡೆಯದು: ಓಲಾಡುವ ಚೀಲ ಕೊಂಡಿಯ ಮೇಲೆ ಹಾಕುವ ಎಳೆತ ಅದರ ತೂಕಕ್ಕಿಂತ ಹೆಚ್ಚು.