ಮೇಘಗರ್ಭವೂ ಬಡಗಣ ಹಿಮವೂ

ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು ೨೦೧೦ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯ ಸೀಮೆಯಲ್ಲಿ, ಶಹಾಪುರ ಸುರಪುರಗಳ ಎಷ್ಟೋ ಹೊಲಗಳಿಗೆ ನಾರಾಯಣಪುರದ ಅಣೆಕಟ್ಟಿನಿಂದ ಕಾಲುವೆಯ ನೀರು ಒದಗಿರುವುದಾದರೂ, ಕಾಲುವೆ ತಲಪದ ಕೊಂಕಲ್ ಕಡೆಯ ಹೊಲಗಳಿಗೆ ಮಳೆಯೇ ದೈವವು. ವೈಶಾಖವು ಮುಗಿಯುವ ವೇಳೆಗೆ ಅಲ್ಲಿಯ ಒಕ್ಕಲಿಗನು ಹೊಲವನ್ನು ಹಸನುಮಾಡಿ, ತೊಗರಿ ಹೆಸರುಗಳ ಬೀಜವನ್ನು ಕೈಯಲ್ಲಿರಿಸಿಕೊಂಡು, ಮೃಗಶಿರೆಯ ಮೋಡವನ್ನು ನೈಋತ್ಯದಲ್ಲಿ ನಿರೀಕ್ಷಿಸುತ್ತಾನೆ. ಅದೇ ದಿನಗಳಲ್ಲಿ ಸಾವಿರಾರು ಹರದಾರಿ ದೂರದ ಬಡಗಣ ದೇಶದಲ್ಲಿ, ಎಂದರೆ ಸೈಬೀರಿಯವೆಂಬ ವಿಶಾಲವಾದ ಶೀತಭೂಮಿಯಲ್ಲಿ, ವಸಂತವು ತಡವಾಗಿ ಕಾಲಿಟ್ಟು ನೆಲದ ಹಿಮವು ಕರಗುತ್ತಿರುವುದು. ಆ ಹಿಮಕ್ಕೂ ಈ ಬೀಜಕ್ಕೂ ಸಂಬಂಧವುಂಟೆಂಬ ವಿಚಾರವು ಹೇಗೆ ಹುಟ್ಟಿತು, ನಮ್ಮ ಪ್ರಾಚೀನ ವೃಷ್ಟಿಶಾಸ್ತ್ರದೊಡನೆ ಅದನ್ನು ಎಷ್ಟರಮಟ್ಟಿಗೆ ಹೋಲಿಸಬಹುದು ಎಂಬುದೇ ಈ ಲೇಖನದ ವಿಷಯವು.

ಇದೆಲ್ಲವೂ ವರಾಹಮಿಹಿರನಲ್ಲಿ ಮೊದಲೇ ಉಂಟೆಂದು ಹೇಳುವ ಪಂಡಿತರು ನಮ್ಮಲ್ಲಿ ವಿರಳರಲ್ಲ. ಆದುದರಿಂದ ಆತನು ಹೇಳಿರುವುದನ್ನೇ ಮೊದಲು ನೋಡುವುದು ಲೇಸು. ಕ್ರಿಸ್ತಶಕ ಆರನೆಯ ಶತಮಾನದ ಬೃಹತ್ಸಂಹಿತೆಯಲ್ಲಿ ಗರ್ಭಲಕ್ಷಣ, ಗರ್ಭಧಾರಣ, ಪ್ರವರ್ಷಣ ಎಂಬ ಅಧ್ಯಾಯಗಳು ಒಂದರ ಹಿಂದೊಂದು ಬಂದಿವೆ. ಮಾರ್ಗಶಿರ ಶುಕ್ಲಪಕ್ಷದಲ್ಲಿ ಚಂದ್ರನು ಪೂರ್ವಾಷಾಢೆಯನ್ನು ಸೇರಿದ ಮೇಲೆ ಮೇಘವು ಗರ್ಭವನ್ನು ತಳೆಯುವ ಲಕ್ಷಣಗಳನ್ನು ಪರೀಕ್ಷಿಸಬೇಕು. ಹಾಗೆ ತಳೆದ ಗರ್ಭವು ೧೯೫ ದಿನಗಳ ಮೇಲೆ ಮಳೆಯಾಗಿ ಪ್ರಸವಿಸುವುದು. ಶುಕ್ಲಪಕ್ಷದ್ದು ಕೃಷ್ಣಪಕ್ಷದಲ್ಲಿ, ಹಗಲಿನದು ಇರುಳಿನಲ್ಲಿ. ಗಾಳಿ, ನೀರು, ಮಿಂಚು, ಗುಡುಗು, ಮೋಡ ಎಂಬ ಐದು ನಿಮಿತ್ತಗಳೂ ಕೂಡಿದರೆ ಮಳೆಯು ನೂರು ಯೋಜನ ವ್ಯಾಪಿಸುವುದು. ಒಂದೊಂದು ಕುಂದಿದಂತೆ ಆ ವ್ಯಾಪ್ತಿಯು ಅರ್ಧರ್ಧವಾಗುವುದು. ಗ್ರೀಷ್ಮದಲ್ಲಿಯೂ ಜ್ಯೇಷ್ಠ ಶುಕ್ಲ ಅಷ್ಟಮಿಯಿಂದ ನಾಲ್ಕು ದಿನ ಗಾಳಿಯನ್ನು ನೋಡಬೇಕೆಂದು ವಿಧಿಯುಂಟು. ಮಳೆಯು ಆಕಸ್ಮಿಕವಲ್ಲ, ಅದರ ಕಾರಣವು ಅರ್ಧವರ್ಷಕ್ಕೆ ಮುಂಚೆಯೇ ಕಾಣಿಸಿಕೊಳ್ಳುವುದೆಂಬ ಈ ಧೈರ್ಯವು ಸಾಮಾನ್ಯವಾದುದಲ್ಲ.

ಆದರೆ ಅದೇ ಅಧ್ಯಾಯದಲ್ಲಿ ಗರ್ಭೋಪಘಾತಗಳೂ ಹೇಳಲ್ಪಟ್ಟಿವೆ. ಉಲ್ಕಾಪಾತ, ಸಿಡಿಲು, ಧೂಳಿನ ಮಳೆ, ದಿಗ್ದಾಹ, ಭೂಕಂಪ ಮುಂತಾದುವು ಸಂಭವಿಸಿದರೆ ಗರ್ಭವು ನಾಶವಾಗುವುದು. ಮಳೆ ಬಂದರೆ ಗರ್ಭವು ನಿಂತಿತು; ಬಾರದಿದ್ದರೆ ಗರ್ಭವು ಕೆಟ್ಟಿತು. ಇಂತಹ ನಿಯಮವನ್ನು ಯಾವ ವರ್ಷವೂ ಸುಳ್ಳಾಗಿಸಲಾರದು. ಗುರುಕುಲದಲ್ಲಿ ಈ ಗ್ರಂಥವನ್ನು ಪಾಠ ಹೇಳುವಾಗ ನಾವು ಇದನ್ನು ಶಾಸ್ತ್ರದ ಪೂರ್ಣತೆಯೆಂದು ಹೊಗಳುವುದುಂಟು. ನನಗೆ ಇದೇ ಅದರ ದೌರ್ಬಲ್ಯವೆಂದು ತೋರುವುದು.

ಪ್ರಾಚೀನರು ಮಳೆಯನ್ನು ಅಳೆಯಲಿಲ್ಲವೆಂದು ಹೇಳಿದರೂ ತಪ್ಪಾದೀತು. ಕೌಟಿಲ್ಯನು ಕೋಷ್ಠಾಗಾರದಲ್ಲಿ ಒಂದು ಅರತ್ನಿ ಬಾಯಿಯ ಕುಂಡವನ್ನು ವರ್ಷಮಾನಕ್ಕಾಗಿ ಇಡಿಸುತ್ತಾನೆ. ಜಾಂಗಲಭೂಮಿಗೆ ೧೬ ದ್ರೋಣ, ಗೋದಾವರಿಯ ಅಶ್ಮಕರ ನಾಡಿಗೆ ಹದಿಮೂರೂವರೆ ದ್ರೋಣವೆಂದು ದೇಶಭೇದವನ್ನೂ ಹೇಳುತ್ತಾನೆ. ವರಾಹಮಿಹಿರನದು ಒಂದು ಹಸ್ತ ಅಗಲದ ಕುಂಡ. ಅದರ ೫೦ ಪಲ ನೀರು ಒಂದು ಆಢಕ. ಇಂದಿನ ಪಂಚಾಂಗಗಳೂ ಯುಗಾದಿಯಂದು ಇಂತಿಷ್ಟು ಆಢಕ ಮಳೆಯೆಂದು ಓದಿಸುತ್ತವೆ. ಆದರೆ ಈ ಆಢಕವು ಸಂವತ್ಸರದ ಗಣಿತದಿಂದ ಬಂದುದೇ ಹೊರತು ಯಾವ ಕುಂಡದಲ್ಲಿಯೂ ಬಿದ್ದ ನೀರಲ್ಲ. ಹೆಸರು ಉಳಿದು ಪಾತ್ರೆಯು ಕಾಣೆಯಾಯಿತು.

ಕನ್ನಡದಲ್ಲಿ ಈ ಶಾಸ್ತ್ರವು ಬಡವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದ ಚಾವುಂಡರಾಯನು ಸುಮಾರು ೧೦೨೫ರಲ್ಲಿ ಲೋಕೋಪಕಾರವನ್ನು ರಚಿಸಿ ಜ್ಯೋತಿಷ, ಜಲಾನ್ವೇಷಣ, ವೃಕ್ಷಾಯುರ್ವೇದಗಳನ್ನು ತಿಳಿಗನ್ನಡಿಗರಿಗೆ ಒದಗಿಸಿದನು. ಸುಮಾರು ೧೩೦೦ರ ಜೈನಕವಿ ಅರ್ಹದ್ದಾಸನ ರಟ್ಟಮತವು ಮಳೆ, ಮಿಂಚು, ಭೂಕಂಪ, ಗ್ರಹ, ಶಕುನಗಳನ್ನೇ ವಸ್ತುವಾಗುಳ್ಳ ಗ್ರಂಥವು. ಅದು ತೆಲುಗಿಗೂ ಹೋಯಿತು. ಸಾಹಿತ್ಯದ ಚರಿತ್ರೆಗಳಲ್ಲಿ ಇವಕ್ಕೆ ಎರಡು ಸಾಲುಗಳಷ್ಟೇ ದೊರೆಯುವುದು ವಿಷಾದಕರವು.

ಇನ್ನು ಹಿಮದ ವಿಚಾರಕ್ಕೆ ಬರೋಣ. ಅದಕ್ಕೆ ಮೂಲವು ಒಂದು ಕ್ಷಾಮ. ಭಾರತದ ಹವಾಮಾನ ಇಲಾಖೆಯು ೧೮೭೫ರಲ್ಲಿ ಸ್ಥಾಪಿತವಾಯಿತು. ಮರುವರ್ಷವೇ ಧಾತು ಈಶ್ವರ ಸಂವತ್ಸರಗಳ ಬರವು ದಕ್ಷಿಣಾಪಥವನ್ನು ಹಿಡಿಯಿತು. ಆಗ ನಿಜಾಮನ ಆಡಳಿತದಲ್ಲಿದ್ದ ರಾಯಚೂರು, ಲಿಂಗಸುಗೂರು, ಕಲಬುರಗಿ ಸೀಮೆಗಳು ಬಹಳ ನೊಂದವು. ಮಳೆಯನ್ನು ಮುಂಗಂಡು ಹೇಳಲಾಗದೇ ಎಂಬ ಪ್ರಶ್ನೆಯನ್ನು ಇಲಾಖೆಯ ಪ್ರಥಮಾಧಿಕಾರಿ ಹೆನ್ರಿ ಬ್ಲಾನ್‌ಫರ್ಡರಿಗೆ ಸರಕಾರವು ಒಪ್ಪಿಸಿತು. ಹಿಮಾಲಯದಲ್ಲಿ ಹಿಮವು ಹೆಚ್ಚಾಗಿ, ವಸಂತದ ಕೊನೆಯವರೆಗೂ ಉಳಿದರೆ, ಒಣಗಾಳಿಯು ಪ್ರಬಲಿಸಿ ಮಳೆ ಕುಂದುವುದೆಂದು ಅವರು ೧೮೮೪ರಲ್ಲಿ ಪ್ರತಿಪಾದಿಸಿದರು. ೧೮೮೨ರಿಂದ ೧೮೮೫ರವರೆಗೆ ಅವರು ಪ್ರಯೋಗಾರ್ಥವಾಗಿ ಕೊಟ್ಟ ಸೂಚನೆಗಳು ಫಲಿಸಿದುದರಿಂದ, ೧೮೮೬ರ ಜೂನ್ ೪ರಂದು ಮೊದಲನೆಯ ವಿಧ್ಯುಕ್ತ ಮುನ್ಸೂಚನೆಯು ಹೊರಟಿತು.

ಯುಕ್ತಿಯು ಸರಳವಾದುದು. ಬಿಸಿಲಿನ ತಾಪವು ಹಿಮವನ್ನು ಕರಗಿಸುವುದರಲ್ಲಿ ವ್ಯಯವಾಗುವುದು. ಬೆಳ್ಳನೆಯ ನೆಲವು ಅದರ ಬಹುಭಾಗವನ್ನು ಹಿಂದಕ್ಕೆ ಎಸೆಯುವುದು. ಕರಗಿದ ಮೇಲೆಯೂ ತೊಯ್ದ ನೆಲ ಬೇಗ ಕಾಯದು. ನೆಲವು ಕಡಲಿಗಿಂತ ಕಾಯದಿದ್ದರೆ ಕಡಲಿನ ಗಾಳಿಯನ್ನು ಎಳೆಯುವವರಾರು?

ಯುಕ್ತಿ ಸರಳವಾದರೂ ಫಲವು ಸರಳವಾಗಲಿಲ್ಲ. ಜಾನ್ ಎಲಿಯಟ್ ಎಂಬುವರು ೧೮೯೯ಕ್ಕೆ ಒಳ್ಳೆಯ ಮಳೆಯನ್ನು ಹೇಳಿದರು. ಬಂದುದು ಘೋರ ಕ್ಷಾಮ. ೧೯೦೪ರಲ್ಲಿ ಅಧಿಕಾರಕ್ಕೆ ಬಂದ ಗಿಲ್ಬರ್ಟ್ ವಾಕರರು ಗಣಿತಜ್ಞರು. ಅಲ್ಲಿಯವರೆಗೆ ಹವಾಮಾನವನ್ನು ಅಭ್ಯಸಿಸಿದವರಲ್ಲ, ಇದೇ ಒಳ್ಳೆಯದಾಯಿತೆಂದು ತೋರುತ್ತದೆ. ಯಾವ ಲಕ್ಷಣವು ಎಷ್ಟು ಸಲ ಫಲಿಸಿತು, ಎಷ್ಟು ಸಲ ಕೆಟ್ಟಿತು ಎಂದು ಅವರು ಎಣಿಸಿದರು. ೧೯೦೯ರ ಅವರ ಸೂತ್ರದಲ್ಲಿ ನಾಲ್ಕು ನಿಮಿತ್ತಗಳಿದ್ದುವು: ಮೇ ಕೊನೆಯ ಹಿಮಾಲಯದ ಹಿಮ, ಮಾರಿಷಸ್ ದ್ವೀಪದ ವಾಯುಭಾರ, ದಕ್ಷಿಣ ಅಮೇರಿಕದ ವಾಯುಭಾರ, ಜಂಜಿಬಾರಿನ ಮಳೆ. ಮುಂದಿನ ದಶಕಗಳಲ್ಲಿ ಹಿಮಾಲಯದ ಲಕ್ಷಣವು ಬಲಗುಂದಿತು. ಹೀಗೆ ಕುಂದಿತೆಂದು ತಿಳಿಯಲು ಸಾಧ್ಯವಾದುದೇ ಎಣಿಕೆಯಿಂದ.

ಹಿಮಾಲಯವನ್ನು ದಾಟಿ ದೃಷ್ಟಿಯು ಸೈಬೀರಿಯದವರೆಗೆ ಹೋದುದು ಉಪಗ್ರಹಗಳ ಕಾಲದಲ್ಲಿ. ೧೯೬೭ರಿಂದ ದೊರೆತ ಚಿತ್ರಗಳನ್ನು ಪರಿಶೀಲಿಸಿ ಹಾನ್ ಮತ್ತು ಶುಕ್ಲ ಎಂಬ ವಿದ್ವಾಂಸರು ೧೯೭೬ರಲ್ಲಿ, ಯುರೇಷ್ಯ ಖಂಡದ ಚಳಿಗಾಲದ ಹಿಮಾವರಣವು ಹೆಚ್ಚಿದರೆ ಭಾರತದ ಮಳೆಯು ಕುಂದುವುದೆಂದು ತೋರಿಸಿದರು. ೧೯೮೮ರಿಂದ ಇಲಾಖೆಯು ಬಳಸಿದ ಹದಿನಾರು ನಿಮಿತ್ತಗಳ ಸೂತ್ರದಲ್ಲಿ ಯುರೇಷ್ಯದ ಡಿಸೆಂಬರ್ ಹಿಮಕ್ಕೂ ಸ್ಥಾನವು ದೊರೆಯಿತು. ಡಿಸೆಂಬರವೆಂದರೆ ಹೆಚ್ಚುಕಡಮೆ ಮಾರ್ಗಶಿರವೇ. ಈ ಸಾಮ್ಯವನ್ನು ಕಂಡು ಹಿಗ್ಗುವವರಿಗೆ ನನ್ನ ವಿಜ್ಞಾಪನೆಯಿಷ್ಟೆ: ವರಾಹಮಿಹಿರನು ನೋಡಿದುದು ತನ್ನ ತಲೆಯ ಮೇಲಣ ಮೋಡವನ್ನು, ಬಡಗಣ ಹಿಮದ ಮಾತನ್ನು ಆತನು ಎತ್ತಿಲ್ಲ. ಸೈಬೀರಿಯವೇ ಉತ್ತರಕುರುವೆಂದು ಸಾಧಿಸಹೊರಟವರೂ ಉಂಟು. ಆ ವ್ಯವಹಾರಕ್ಕೆ ನಾನು ಕೈಹಾಕೆನು.

೨೦೦೨ರಲ್ಲಿ ಆ ಹದಿನಾರು ನಿಮಿತ್ತಗಳ ಸೂತ್ರವು ವಾಡಿಕೆಯ ನೂರಕ್ಕೆ ೧೦೧ ಪಾಲು ಮಳೆಯೆಂದಿತು, ಬಂದುದು ೮೧. ಇಲಾಖೆಯು ಯಾವ ಉಪಘಾತವನ್ನೂ ಮುಂದೊಡ್ಡದೆ ಮರುವರ್ಷವೇ ಸೂತ್ರವನ್ನು ಬದಲಿಸಿತು. ಗರ್ಭಲಕ್ಷಣಾಧ್ಯಾಯಕ್ಕೂ ಇದಕ್ಕೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುವುದು: ಒಂದು ಸಹಸ್ರಾರು ವರ್ಷ ತಿದ್ದದೆ ಪಠಿಸಲ್ಪಟ್ಟಿತು, ಮತ್ತೊಂದು ಸೋತ ಲೆಕ್ಕವನ್ನು ಬರೆದಿಟ್ಟಿತು.

ಹಾಗಾದರೆ ಕೊಂಕಲಿನ ಒಕ್ಕಲಿಗನಿಗೆ ಯಾವುದು ಒದಗೀತು? ಕಾರಹುಣ್ಣಿಮೆಯಂದು ಎತ್ತುಗಳು ಕರಿ ಹರಿಯುವಾಗ ಬಿಳಿಯ ಎತ್ತು ಮುಂದಾದರೆ ಹಿಂಗಾರಿಯೂ ಕೆಂಪು ಎತ್ತು ಮುಂದಾದರೆ ಮುಂಗಾರಿಯೂ ಚೆನ್ನಾಗುವುದೆಂದು ಈ ಸೀಮೆಯ ಹಳ್ಳಿಗಳಲ್ಲಿ ನೋಡುತ್ತಾರೆ. ಆ ಶಕುನವು ಆ ಊರಿನ ಹೊಲದ ಮಾತನ್ನೇ ಆಡುತ್ತದೆ, ಆದರೆ ಅದರ ಸೋಲುಗೆಲುವನ್ನು ಯಾರೂ ಬರೆದಿಟ್ಟಿಲ್ಲ. ಏಪ್ರಿಲಿನಲ್ಲಿಯೂ ಮೇ ಕೊನೆಯಲ್ಲಿಯೂ ಇಲಾಖೆಯು ಹೊರಡಿಸುವ ಮಾತಿಗೆ ಲೆಕ್ಕವುಂಟು, ಆದರೆ ಅದು ಸಮಸ್ತ ಭಾರತಕ್ಕೂ ಅದರ ದೊಡ್ಡ ಭಾಗಗಳಿಗೂ ಅನ್ವಯಿಸುವುದು. ದೇಶಕ್ಕೆಲ್ಲ ನೂರಕ್ಕೆ ನೂರು ಮಳೆ ಬಿದ್ದ ವರ್ಷವೂ ಭೀಮೆಯ ದಂಡೆಯ ಒಂದು ಹೋಬಳಿಯು ಒಣಗಬಹುದು. ಊರೂರಿನ ಕುಂಡವನ್ನು ಕೌಟಿಲ್ಯನು ಕೋಷ್ಠಾಗಾರದಲ್ಲಿಡಿಸಿದುದು ಬಿತ್ತನೆಯನ್ನು ಆ ಊರಿನ ಮಳೆಗನುಸಾರವಾಗಿ ನಡೆಯಿಸಲೆಂದೇ. ಸೀತಾಧ್ಯಕ್ಷನ ಪ್ರಕರಣದಲ್ಲಿ ಮಳೆಯ ಪ್ರಮಾಣವನ್ನು ತಿಳಿದು ಹೆಚ್ಚು ನೀರಿನ ಧಾನ್ಯವನ್ನೋ ಕಡಮೆ ನೀರಿನ ಧಾನ್ಯವನ್ನೋ ಬಿತ್ತಿಸಬೇಕೆಂದು ಆತನು ಹೇಳಿರುವುದು.