ಔಷಧಜನ್ಯ ತೀವ್ರ ಚರ್ಮರೋಗಗಳು: ಕಾರಣಶೋಧದ ಇತಿಹಾಸ

ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ (ಎಸ್‌ಜೆಎಸ್) ಮತ್ತು ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್ (ಟೆನ್) ಒಂದೇ ರೋಗದ ಎರಡು ಮಜಲುಗಳೆಂದು ಈಗ ಪರಿಗಣಿತವಾಗಿವೆ. ಹೊರಚರ್ಮ ಸತ್ತು ಹಾಳೆಯಂತೆ ಸುಲಿಯುತ್ತದೆ. ಕಣ್ಣು, ಬಾಯಿಗಳ ಲೋಳೆಪೊರೆ ಹುಣ್ಣಾಗುತ್ತದೆ. ಮೊದಲನೆಯದು 1922ರಲ್ಲಿ ನ್ಯೂಯಾರ್ಕಿನಿಂದ ವರದಿಯಾಯಿತು. ಎರಡನೆಯದನ್ನು 1956ರಲ್ಲಿ ಅಲನ್ ಲಯಲ್ ನಾಲ್ವರು ರೋಗಿಗಳಲ್ಲಿ ವಿವರಿಸಿದರು. ‘ಟಾಕ್ಸಿಕ್’ ಎಂಬ ವಿಶೇಷಣ ರಕ್ತದಲ್ಲಿ ಯಾವುದೋ ವಿಷವಿದೆ ಎಂಬ ಅವರ ಊಹೆಯಿಂದ ಬಂದದ್ದು. ಸ್ಟ್ಯಾಫಿಲೊಕಾಕಸ್ ವಿಷದಿಂದ ಚರ್ಮ ಸುಲಿಯುವ ರೋಗವೂ ಇದೇ ಹೆಸರಿನಡಿ ಸೇರಿಹೋಗಿತ್ತು. 1970ರ ನಂತರವೇ ಅದು ಬೇರ್ಪಟ್ಟಿತು. ಹಳೆಯ ವರದಿಗಳನ್ನು ಓದುವವರು ಈ ಬೆರಕೆಯನ್ನು ಗಮನದಲ್ಲಿಡಬೇಕು.

ವಿಷದ ಊಹೆ ಕ್ರಮೇಣ ಹಿಂದೆ ಸರಿದು, ಔಷಧಕ್ಕೆ ಕೆರಳಿ ಚರ್ಮಕೋಶಗಳನ್ನು ಕೊಲ್ಲುವುದು ದೇಹದ್ದೇ ರೋಗನಿರೋಧಕ ಟಿ-ಕೋಶಗಳೆಂಬ ತಿಳಿವು ಬೆಳೆಯಿತು. ಆದರೆ ಒಂದು ಒಗಟು ಉಳಿಯಿತು. ಸೂಕ್ಷ್ಮದರ್ಶಕದಡಿ ಹೊರಚರ್ಮ ಪೂರ್ತಿ ಸತ್ತಿರುತ್ತದೆ, ಕೆಳಗೆ ಟಿ-ಕೋಶಗಳು ಮಾತ್ರ ಬೆರಳೆಣಿಕೆಯಷ್ಟು. ಇಷ್ಟು ಕಡಿಮೆ ಕೋಶಗಳಿಂದ ಅಷ್ಟು ನಾಶ ಹೇಗೆ? 1998ರಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು, ಚರ್ಮಕೋಶಗಳೇ ಫ್ಯಾಸ್-ಲಿಗ್ಯಾಂಡ್ ಎಂಬ ಪ್ರೋಟೀನಿನ ಮೂಲಕ ಪರಸ್ಪರ ಸಾವಿನ ಸಂಕೇತ ಕೊಟ್ಟುಕೊಳ್ಳುತ್ತವೆ ಎಂದಿತು. ಅದನ್ನು ತಡೆಯಲೆಂದು ಇಮ್ಯುನೊಗ್ಲಾಬ್ಯುಲಿನ್ (ಪ್ರತಿಕಾಯ) ಚಿಕಿತ್ಸೆ ಬಳಕೆಗೆ ಬಂತು. ಅದರ ಫಲ ನಂತರದ ವರದಿಗಳಲ್ಲಿ ಒಂದೇ ತೆರನಾಗಿ ಕಾಣಲಿಲ್ಲ. 2008ರಲ್ಲಿ ತೈವಾನಿನ ತಂಡ ರೋಗಿಗಳ ಬೊಕ್ಕೆಯ ನೀರಿನಲ್ಲಿ ಟಿ-ಕೋಶದಂಥ ಕೋಶಗಳು ಸ್ರವಿಸುವ ಗ್ರಾನ್ಯುಲೈಸಿನ್ ಎಂಬ ಪ್ರೋಟೀನನ್ನು ಹೇರಳವಾಗಿ ಕಂಡಿತು. ಅದನ್ನು ಇಲಿಯ ಚರ್ಮಕ್ಕೆ ಚುಚ್ಚಿದಾಗ ಅಲ್ಲೂ ಬೊಕ್ಕೆ ಎದ್ದಿತು. ಕೋಶದಿಂದ ಕೋಶಕ್ಕೆ ತಾಗದೆಯೂ ಹರಡಬಲ್ಲ ಈ ಪ್ರೋಟೀನು ಒಗಟಿಗೆ ಹೆಚ್ಚು ಒಪ್ಪುವ ಉತ್ತರ. ಆದರೂ ಫ್ಯಾಸ್ ಪಾತ್ರವನ್ನು ತಳ್ಳಿಹಾಕುವಂತಿಲ್ಲ.

ಯಾರಿಗೆ ಬರುತ್ತದೆ ಎಂಬ ಪ್ರಶ್ನೆಗೆ ದಿಕ್ಕು ಸಿಕ್ಕಿದ್ದು 2004ರಲ್ಲಿ. ಅಪಸ್ಮಾರದ ಮಾತ್ರೆ ಕಾರ್ಬಮಜೆಪೀನ್‌ನಿಂದ ಎಸ್‌ಜೆಎಸ್ ಆದ ತೈವಾನಿನ 44 ಹಾನ್ ಚೀನೀಯರಲ್ಲೂ ಎಚ್‌ಎಲ್‌ಎ-ಬಿ*15:02 ಜೀನ್ ರೂಪವಿತ್ತು. ಮಾತ್ರೆ ಒಗ್ಗಿದವರಲ್ಲಿ ಅದು ಶೇ. 3 ಮಾತ್ರ. 2009ರ ಭಾರತೀಯ ಅಧ್ಯಯನವೊಂದು ಚಿಕ್ಕದಾದರೂ ನಮಗೆ ಮುಖ್ಯ: ಎಂಟು ರೋಗಿಗಳಲ್ಲಿ ಆರು ಮಂದಿಗೆ ಇದೇ ರೂಪವಿತ್ತು. ಯುರೋಪಿಯನ್ನರಲ್ಲಿ ನಂಟು ಕಂಡದ್ದು ಎ*31:01 ಜೊತೆ. ಗೌಟ್‌ನ ಔಷಧ ಅಲೊಪ್ಯುರಿನಾಲ್‌ಗೆ ನಂಟಿರುವುದು ಬಿ*58:01 ಜೊತೆ. ಹಾಗಿದ್ದೂ ಈ ರೂಪಗಳಿರುವ ಬಹುತೇಕರಿಗೆ ರೋಗ ಬರುವುದಿಲ್ಲ. ಟಿ-ಕೋಶದ ಗ್ರಾಹಕವೂ ಹೊಂದಿಬರಬೇಕು.

2011ರ ತೈವಾನ್ ಅಧ್ಯಯನದಲ್ಲಿ ಮೊದಲೇ ಜೀನ್ ಪರೀಕ್ಷಿಸಿ, ಬಿ*15:02 ಇದ್ದವರಿಗೆ ಕಾರ್ಬಮಜೆಪೀನ್ ಕೊಡದೆ ಬಿಟ್ಟಾಗ 4,800ಕ್ಕೂ ಹೆಚ್ಚು ಜನರಲ್ಲಿ ಒಂದೂ ಎಸ್‌ಜೆಎಸ್ ಕಾಣಲಿಲ್ಲ. ಇನ್ನು ಚಿಕಿತ್ಸೆಯ ದಿಕ್ಕಿನಲ್ಲಿ, 2024ರಲ್ಲಿ ರೋಗಪೀಡಿತ ಚರ್ಮದ ಪ್ರೋಟೀನುಗಳನ್ನು ಕೋಶದ ಬಗೆಗಳ ಪ್ರಕಾರ ಪ್ರತ್ಯೇಕವಾಗಿ ಅಳೆದ ತಂಡ, ಉರಿಯೂತಕ್ಕೆ ಸಂಬಂಧಿಸಿದ ಜಾಕ್-ಸ್ಟ್ಯಾಟ್ ಎಂಬ ಸಂಕೇತಮಾರ್ಗ ಅತಿಯಾಗಿ ಸಕ್ರಿಯವಾಗಿರುವುದನ್ನು ಗುರುತಿಸಿತು. ಜಾಕ್ ತಡೆಯುವ ಔಷಧ ಪಡೆದ ಏಳು ರೋಗಿಗಳೂ ಚೇತರಿಸಿಕೊಂಡರು. ಹೋಲಿಕೆಯ ಗುಂಪಿಲ್ಲದ ಈ ಫಲಿತಾಂಶವನ್ನು ದೊಡ್ಡ ಪ್ರಯೋಗದಲ್ಲಿ ಪರೀಕ್ಷಿಸಬೇಕಿದೆ.